ರಿಂಗ್ ಸೆಟ್ ಆಗುವವರೆಗೆ ಕೆಲಸ ಮುಗಿದಂತಲ್ಲ

ವ್ಯಾಪಾರಸ್ಥರ ಮತ್ತು ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳನ್ನು ವರ್ಷಾಂತ್ಯದಲ್ಲಿ ಪರಿಶೀಲಿಸುವಾಗ ‘ವಾಹನ ದುರಸ್ತಿ’ ಎಂಬ ಖಾತೆಯಲ್ಲಿ ಒಂದು ಸಂಗತಿ ಪದೇ ಪದೇ ನನ್ನ ಗಮನಕ್ಕೆ ಬಂದಿದೆ. ಒಂದು ವರ್ಷ ಎಂಜಿನ್ ಕೆಲಸಕ್ಕೆಂದು ದೊಡ್ಡ ಮೊತ್ತ ಖರ್ಚಾಗಿರುತ್ತದೆ. ಬೋರಿಂಗ್, ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಕೂಲಿ ಎಲ್ಲವೂ ಬಿಲ್ಲಿನಲ್ಲಿರುತ್ತವೆ. ಇಷ್ಟಾದ ಮೇಲೆ ಆ ವಾಹನ ನಾಲ್ಕಾರು ವರ್ಷ ನಿಶ್ಚಿಂತೆಯಿಂದ ಓಡಬೇಕು. ಆದರೆ ಮರುವರ್ಷದ ಖಾತೆಯಲ್ಲಿ ಅದೇ ವಾಹನಕ್ಕೆ ತಿಂಗಳಿಗೊಮ್ಮೆ ಎಂಜಿನ್ ಆಯಿಲ್ ಕೊಂಡ ಚೀಟಿಗಳು, ಪ್ಲಗ್ ಬದಲಿಸಿದ ಚೀಟಿಗಳು, ಕೊನೆಗೆ ಇನ್ನೊಮ್ಮೆ ರಿಂಗ್ ಹಾಕಿಸಿದ ಬಿಲ್ಲು ಕಾಣಿಸಿಕೊಳ್ಳುತ್ತವೆ. ಕಾರಣ ಕೇಳಿದರೆ ‘ಮಿಸ್ತ್ರಿ ಸರಿ ಇರಲಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಬಹುಕಾಲ ನಾನೂ ಆ ಉತ್ತರವನ್ನು ಒಪ್ಪಿಕೊಂಡು ಮುಂದಿನ ವೋಚರ್ ತಿರುವುತ್ತಿದ್ದೆ. ಘೋಡಗೇರಿಯ ವ್ಯಾಪಾರಸ್ಥರೊಬ್ಬರ ತಕರಾರು ನನ್ನ ಮೇಜಿನ ಮುಂದೆ ಬಂದು ಕುಳಿತ ಮೇಲೆ ಮಾತ್ರ ಆ ಉತ್ತರ ಎಷ್ಟು ಅಪೂರ್ಣವಾದದ್ದು ಎಂಬುದು ನನಗೆ ತಿಳಿಯಿತು. ಸದಸ್ಯರಲ್ಲಿ ಹೆಚ್ಚಿನವರು ಕಾರು, ಸರಕು ವಾಹನ, ಟ್ರ್ಯಾಕ್ಟರ್ ಅಥವಾ ಜನರೇಟರ್ ಹೊಂದಿರುವವರಾದ್ದರಿಂದ ಆ ಅನುಭವವನ್ನು ಇಲ್ಲಿ ಹಂಚಿಕೊಳ್ಳುವುದು ಉಪಯುಕ್ತವೆಂದು ಭಾವಿಸಿದ್ದೇನೆ. ನಾನು ವಾಣಿಜ್ಯ ಪದವೀಧರ, ಎಂಜಿನಿಯರ್ ಅಲ್ಲ. ಆದ್ದರಿಂದ ಕಲಿತದ್ದನ್ನು ಲೆಕ್ಕದ ಮನುಷ್ಯನ ಕ್ರಮದಲ್ಲಿಯೇ ಹೇಳುತ್ತೇನೆ.

ಘೋಡಗೇರಿಯ ಪ್ರಕರಣ

ಘಟಪ್ರಭೆಯ ದಂಡೆಯ ಘೋಡಗೇರಿ, ಗೋಕಾಕ ಮತ್ತು ಹುಕ್ಕೇರಿ ಸೀಮೆಗಳ ಕಬ್ಬಿನ ನಾಡಿಗೆ ಸೇರಿದ ಊರು. ಅಲ್ಲಿ ಗೊಬ್ಬರ ಮತ್ತು ಕೀಟನಾಶಕಗಳ ಅಂಗಡಿ ನಡೆಸುವ ನಮ್ಮ ಕಕ್ಷಿದಾರರೊಬ್ಬರ ಬಳಿ ಮಾರುತಿ 800 ಕಾರು ಇತ್ತು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಕಾರು ನಮ್ಮ ಭಾಗದ ಅನೇಕ ವ್ಯಾಪಾರಸ್ಥರ ಮೊದಲ ಕಾರು. ಮಾರಿದರೆ ಬರುವ ಬೆಲೆ ಅತ್ಯಲ್ಪ, ಹೊಸದು ಕೊಳ್ಳಲು ಸಾಲ ಮಾಡಬೇಕು. ಹೀಗಾಗಿ ಅವರು ಎಂಜಿನ್ ಕೆಲಸ ಮಾಡಿಸಲು ನಿರ್ಧರಿಸಿದರು. ಒಟ್ಟು ರೂ. 38,000ದ ಕೆಲಸ. ರೂ. 25,000 ಮುಂಗಡ ಕೊಟ್ಟು ಗಾಡಿ ಬಿಡಿಸಿಕೊಂಡರು. ಉಳಿದ ರೂ. 13,000 ತಿಂಗಳೊಳಗೆ ಕೊಡುವುದೆಂದು ಬಾಯಿಮಾತು.

ತಿಂಗಳು ಕಳೆಯುವಷ್ಟರಲ್ಲಿ ಕಾರು ನೀಲಿ ಹೊಗೆ ಬಿಡತೊಡಗಿತು. ಬಾಕಿ ಕೇಳಲು ಬಂದ ಮಿಸ್ತ್ರಿಯನ್ನು ಕರೆದುಕೊಂಡೇ ಅವರು ನನ್ನ ಕಚೇರಿಗೆ ಬಂದರು.

“ಸರ, ಮೂವತ್ತೆಂಟು ಸಾವಿರದ ಕೆಲಸ. ಗಾಡಿ ಮೊದಲಿನಂಗ ಹೊಗಿ ಬಿಡಾಕತ್ತೇತಿ, ಆಯಿಲ್ ಕುಡಿಯಾಕತ್ತೇತಿ. ನಾ ಬಾಕಿ ರೊಕ್ಕ ಯಾಕ ಕೊಡಬೇಕು ನೀವ ಹೇಳ್ರಿ.”

ಮಿಸ್ತ್ರಿ ಮೆಲುದನಿಯ ಮನುಷ್ಯ. “ಸಾವ್ಕಾರ್ರ, ನನ್ನ ಕೆಲಸದಾಗ ಕೂದಲೆಳಿಯಷ್ಟು ಫರಕ್ ಇದ್ರ ತೋರಸ್ರಿ, ರೊಕ್ಕ ಬ್ಯಾಡ. ಸಾಮಾನಿನ ಅಂಗಡಿಯವ್ರಿಗೆ ನಾ ಇನ್ನೂ ಕೊಡೋದೈತ್ರಿ” ಎಂದರು.

ರೂ. 13,000 ವ್ಯಾಪಾರಸ್ಥರಿಗೆ ಅಸಮಾಧಾನದ ಮೊತ್ತವಾಗಿತ್ತು. ಮಿಸ್ತ್ರಿಗೆ ಅದು ಬಿಡಿಭಾಗದ ಅಂಗಡಿಯಲ್ಲಿ ಉಳಿದಿದ್ದ ಉದ್ರಿಯ ಪ್ರಶ್ನೆ. ಕಬ್ಬಿನ ಹಂಗಾಮು ಹತ್ತಿರವಾಗಿತ್ತು, ಟ್ರ್ಯಾಕ್ಟರ್ ಕೆಲಸಗಳು ಬರುವ ಕಾಲ. ಆ ಉದ್ರಿ ತೀರದೆ ಹೊಸ ಸಾಮಾನು ಸಿಗುವಂತಿರಲಿಲ್ಲ. ‘ಆ ಗ್ಯಾರೇಜಿನಲ್ಲಿ ಕೆಲಸ ಕೆಟ್ಟಿತು’ ಎಂಬ ಮಾತು ನಾಲ್ಕು ಹಳ್ಳಿಗಳಲ್ಲಿ ಹಬ್ಬಿದರೆ ಅದರ ನಷ್ಟಕ್ಕೆ ಯಾವ ವೋಚರೂ ಇರುವುದಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಮೊದಲ ಎಂಟು ದಿನ ಗಾಡಿಯನ್ನು ಹೇಗೆ ನಡೆಸಿದಿರಿ?

“ಮಿಸ್ತ್ರಿ ಹೇಳಿದಂಗ ಹಗೂರ ನಡೆಸೇನ್ರಿ. ನಲವತ್ತರ ಮ್ಯಾಲ ಮುಳ್ಳು ಏರಿಸಿಲ್ಲ. ದಿನಾ ಮುಂಜಾನೆ ಅಂಗಡಿ ಮುಂದ ಅರ್ಧಾ ತಾಸು ಚಾಲೂ ಮಾಡಿ ಬಿಡ್ತಿದ್ದೆ.”

ಮಿಸ್ತ್ರಿಯೂ ತಲೆಯಾಡಿಸಿದರು. ಗಾಡಿ ಕೊಡುವ ಮೊದಲು ತಾವೂ ಗ್ಯಾರೇಜಿನಲ್ಲಿ ನಾಲ್ಕು ತಾಸು ಎಂಜಿನ್ ಚಾಲೂ ಇಟ್ಟು ‘ರಿಂಗ್ ಸೆಟ್’ ಮಾಡಿದ್ದಾಗಿ ಹೇಳಿದರು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಎಚ್ಚರಿಕೆ ವಹಿಸಿದ್ದವರು. ತಪ್ಪು ಆ ಎಚ್ಚರಿಕೆಯಲ್ಲಿಯೇ ಇತ್ತು ಎಂಬುದು ಆ ದಿನ ನಮ್ಮ ಮೂವರಿಗೂ ಗೊತ್ತಿರಲಿಲ್ಲ. ನಾನೂ ನನ್ನ ಹಳೆಯ ಕಾರಿನ ಎಂಜಿನ್ ಕೆಲಸ ಮಾಡಿಸಿದಾಗ ತಿಂಗಳುಗಟ್ಟಲೆ ಹೀಗೆಯೇ ಹಗುರವಾಗಿ ಓಡಿಸಿ, ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದವನು.

ರಿಂಗಿನ ಕೆಲಸವೇನು?

ಪಿಸ್ಟನ್ ಸಿಲಿಂಡರಿನೊಳಗೆ ಮೇಲೆ ಕೆಳಗೆ ಚಲಿಸುತ್ತದೆ. ಬಿಸಿಯಾದಾಗ ಹಿಗ್ಗುವುದರಿಂದ ಅದನ್ನು ಬೋರಿಗೆ ಬಿಗಿಯಾಗಿ ಕೂಡಿಸಲಾಗುವುದಿಲ್ಲ, ನಡುವೆ ಸಣ್ಣ ಸಂದು ಬಿಡಲೇಬೇಕು. ಆ ಸಂದನ್ನು ಮುಚ್ಚುವುದು ರಿಂಗಿನ ಕೆಲಸ. ಒಂದು ಕಡೆ ಸೀಳಿದ, ಸ್ಪ್ರಿಂಗಿನಂತೆ ಹೊರಕ್ಕೆ ಒತ್ತುವ ಲೋಹದ ಬಳೆಯನ್ನು ಪಿಸ್ಟನ್ನಿನ ಗಾಡಿಯಲ್ಲಿ ಕೂಡಿಸುವ ಈ ಉಪಾಯವನ್ನು 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಉಗಿಯಂತ್ರಗಳಿಗಾಗಿ ರೂಪಿಸಿದರು. ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಪಿಸ್ಟನ್ನಿಗೆ ಮೂರು ರಿಂಗುಗಳಿರುತ್ತವೆ. ಮೇಲಿನದು ಉರಿದ ಅನಿಲದ ಒತ್ತಡವನ್ನು ತಡೆಯುತ್ತದೆ, ಎರಡನೆಯದು ಅದಕ್ಕೆ ನೆರವಾಗುತ್ತ ಎಣ್ಣೆಯನ್ನೂ ಕೆರೆದು ಕೆಳಗಿಳಿಸುತ್ತದೆ, ಮೂರನೆಯದು ಗೋಡೆಯ ಮೇಲಿನ ಎಣ್ಣೆಯನ್ನು ಹತೋಟಿಯಲ್ಲಿಡುತ್ತದೆ.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಮೇಲಿನ ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಅದರ ಸ್ವಂತ ಸ್ಪ್ರಿಂಗ್ ಬಲದ ಪಾಲು ಸಣ್ಣದು. ಇಂಧನ ಉರಿದಾಗ ಉಂಟಾಗುವ ಅನಿಲವು ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹಿಂದಿನಿಂದ ಗೋಡೆಯ ಕಡೆಗೆ ತಳ್ಳುತ್ತದೆ. ಎಂಜಿನ್ ಮೇಲೆ ಭಾರ ಹೆಚ್ಚಿದಷ್ಟೂ ಈ ಒತ್ತಡ ಹೆಚ್ಚು. ಖಾಲಿ ನಿಂತು ಓಡುವ ಎಂಜಿನ್ನಿನಲ್ಲಿ ಅದು ತೀರ ಕಡಿಮೆ.

ಇನ್ನು ಸಿಲಿಂಡರಿನ ಗೋಡೆಯ ವಿಷಯ. ಬೋರಿಂಗ್ ಆದ ಮೇಲೆ ಹೋನಿಂಗ್ ಕಲ್ಲಿನಿಂದ ಅದರ ಮೇಲೆ ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟುವ ಸೂಕ್ಷ್ಮ ಗೆರೆಗಳನ್ನು ಮೂಡಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಉತ್ತ ಹೊಲದಂತೆ ದಿಣ್ಣೆ ತಗ್ಗುಗಳಿಂದ ಕೂಡಿರುತ್ತದೆ. ಹೊಸ ರಿಂಗು ಈ ದಿಣ್ಣೆಗಳ ತುದಿಗಳನ್ನು ಒರೆಸಿ ಸಮಮಾಡುತ್ತ, ತಾನೂ ಸ್ವಲ್ಪ ಸವೆದು, ಗೋಡೆಯ ಆಕಾರಕ್ಕೆ ಸರಿಯಾಗಿ ಹೊಂದಿಕೊಳ್ಳಬೇಕು. ತಗ್ಗುಗಳು ಹಾಗೆಯೇ ಉಳಿದು ಎಣ್ಣೆಯನ್ನು ಹಿಡಿದಿಡಬೇಕು. ಗ್ಯಾರೇಜಿನ ಭಾಷೆಯಲ್ಲಿ ರಿಂಗ್ ಸೆಟ್ ಆಗುವುದೆಂದರೆ ಇದೇ. ಅಂದರೆ ಎಂಜಿನ್ನಿನ ಕೊನೆಯ ಯಂತ್ರಗೆಲಸ ಬೋರಿಂಗ್ ಷಾಪಿನಲ್ಲಿ ಮುಗಿಯುವುದಿಲ್ಲ. ಅದು ರಸ್ತೆಯ ಮೇಲೆ, ಮಾಲೀಕನ ಕಾಲಿನ ಕೆಳಗಿನ ಎಕ್ಸಲರೇಟರಿನಿಂದ ನಡೆಯುತ್ತದೆ.

ಹಗುರ ಓಟದ ಲೆಕ್ಕ

ಮಾರುತಿ 800ರ 796 ಸಿ.ಸಿ. ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳು. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಗಂಟೆಗೆ 1,80,000 ಸುತ್ತು. ಪ್ರತಿ ಸುತ್ತಿಗೆ ಪಿಸ್ಟನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ, ಹೀಗೆ ಗಂಟೆಗೆ 3,60,000 ಸಲ 72 ಮಿ.ಮೀ. ದೂರ ಚಲಿಸುತ್ತದೆ. ಗುಣಿಸಿ ನೋಡಿದರೆ ಒಂದು ಗಂಟೆಯಲ್ಲಿ ರಿಂಗು ಗೋಡೆಯ ಮೇಲೆ ಉಜ್ಜಿಕೊಂಡು ಸಾಗುವ ದೂರ ಸುಮಾರು 26 ಕಿ.ಮೀ.

ಈಗ ಖಾಲಿ ಓಟವನ್ನು ನೋಡೋಣ. ನಿಮಿಷಕ್ಕೆ 800 ಸುತ್ತಿನಂತೆ ಲೆಕ್ಕ ಹಾಕಿದರೂ ಗಂಟೆಗೆ ಸುಮಾರು 7 ಕಿ.ಮೀ. ಉಜ್ಜಾಟ. ಗ್ಯಾರೇಜಿನ ನಾಲ್ಕು ತಾಸು ಹಾಗೂ ಎಂಟು ಮುಂಜಾನೆಗಳ ಅರ್ಧ ಅರ್ಧ ತಾಸು ಸೇರಿ ಎಂಟು ತಾಸು. ಅಂದರೆ ನಮ್ಮ ಕಕ್ಷಿದಾರರ ಎಂಜಿನ್ನಿನಲ್ಲಿ ರಿಂಗುಗಳು ಸುಮಾರು 55 ಕಿ.ಮೀ. ದೂರವನ್ನು ಹಿಂದಿನಿಂದ ಸರಿಯಾದ ಒತ್ತಡವೇ ಇಲ್ಲದೆ ಉಜ್ಜಿದ್ದವು. ದಿಣ್ಣೆಗಳ ತುದಿ ಅತಿ ಚೂಪಾಗಿದ್ದು, ಕೆಲಸ ನಡೆಯಬೇಕಾದ ಅಮೂಲ್ಯ ಕಾಲವದು.

ಒತ್ತಡವಿಲ್ಲದ ರಿಂಗು ಎಣ್ಣೆಯ ಪದರದ ಮೇಲೆ ತೇಲುತ್ತದೆ, ಗೋಡೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಮೇಲುಳಿದ ಎಣ್ಣೆ ಬಿಸಿಗೆ ಸೀದು, ವಾರ್ನಿಷ್ ಬಳಿದಂತೆ ಗಟ್ಟಿಯಾಗಿ ಗೆರೆಗಳ ತಗ್ಗನ್ನು ತುಂಬಿಬಿಡುತ್ತದೆ. ಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ಇದನ್ನು ‘ಗ್ಲೇಜ್’ ಆಗುವುದು ಎನ್ನುತ್ತಾರೆ. ಒಮ್ಮೆ ಇದು ಬಲವಾಗಿ ಕೂತರೆ ಮುಂದೆ ಎಷ್ಟು ಓಡಿಸಿದರೂ ರಿಂಗು ಕೂಡುವುದು ಕಷ್ಟ. ಎಣ್ಣೆ ಮೇಲೇರಿ ಉರಿಯುತ್ತದೆ, ಅನಿಲ ಕೆಳಗೆ ಸೋರಿ ಎಣ್ಣೆಯನ್ನು ಕೆಡಿಸುತ್ತದೆ.

ಇದರರ್ಥ ಹೊಸ ಎಂಜಿನ್ನನ್ನು ಮೊದಲ ದಿನವೇ ಕೊನೆಯ ವೇಗಕ್ಕೆ ಅಟ್ಟಬೇಕೆಂದಲ್ಲ. ಅತಿ ವೇಗ, ನಿರಂತರ ಪೂರ್ಣ ಭಾರ ಮತ್ತು ಅತಿ ಶಾಖದಿಂದ ರಿಂಗು, ಪಿಸ್ಟನ್ ಗೀರಿಕೊಂಡು ಎಂಜಿನ್ ಹಿಡಿದುಬಿಡುವ ಅಪಾಯ ನಿಜವಾದದ್ದು. ಹೊಸ ಕಾರಿನ ಕೈಪಿಡಿಗಳು ಮೊದಲ 1,000 ಕಿ.ಮೀ.ವರೆಗೆ ಪೂರ್ಣ ಎಕ್ಸಲರೇಟರ್ ಒತ್ತಬೇಡಿರಿ ಎನ್ನುವುದು ಇದೇ ಕಾರಣಕ್ಕೆ. ಎಷ್ಟು ಭಾರ ಕೊಡಬೇಕೆಂಬುದರಲ್ಲಿ ಎಂಜಿನ್ ಕಟ್ಟುವವರಲ್ಲಿಯೂ ಭಿನ್ನಾಭಿಪ್ರಾಯಗಳಿವೆ. ಆದರೆ ದೀರ್ಘ ಖಾಲಿ ಓಟ ಮತ್ತು ಒಂದೇ ವೇಗದ ಹಗುರ ಓಟ ರಿಂಗಿಗೆ ಒಳ್ಳೆಯದಲ್ಲ ಎಂಬುದರಲ್ಲಿ ಬಲ್ಲವರು ಬಹುಮಟ್ಟಿಗೆ ಒಮ್ಮತದವರು. ಕಾರ್ಖಾನೆಯ ಹೊಸ ಎಂಜಿನ್ನಿನ ಬೋರುಗಳನ್ನು ಅತಿ ನಯವಾದ ಹಂತದವರೆಗೆ ಅಲ್ಲಿಯೇ ಸಿದ್ಧಪಡಿಸಿರುತ್ತಾರೆ. ನಮ್ಮ ತಾಲೂಕು ಕೇಂದ್ರಗಳ ಬೋರಿಂಗ್ ಷಾಪಿನಲ್ಲಿ ಕೈಯಿಂದ ಹೋನಿಂಗ್ ಆದ ಬೋರಿನಲ್ಲಿ ಸವೆಯಬೇಕಾದ ದಿಣ್ಣೆ ಹೆಚ್ಚು. ಆದ್ದರಿಂದ ಮರುಜೋಡಿಸಿದ ಎಂಜಿನ್ನಿಗೆ ಮೊದಲ ದಿನಗಳ ಚಾಲನಾ ಕ್ರಮ ಇನ್ನೂ ಮುಖ್ಯವಾಗುತ್ತದೆ.

ಗಾಡಿ ಬಿಡಿಸಿಕೊಳ್ಳುವ ಮೊದಲು ಕೇಳಬೇಕಾದದ್ದು

ಬೋರ್ ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ಓಡಿಸಿದರೂ ಪ್ರಯೋಜನವಿಲ್ಲ. ಮಾಲೀಕರು ಮಿಸ್ತ್ರಿಯೊಂದಿಗೆ ಈ ಕೆಲವು ಅಂಶಗಳನ್ನು ಮಾತನಾಡಿಕೊಳ್ಳುವುದು ಒಳಿತು.

ಒಂದು, ತೊಳೆಯುವುದು. ಹೋನಿಂಗ್ ಕಲ್ಲಿನ ಪುಡಿ ಗೋಡೆಯ ತಗ್ಗುಗಳಲ್ಲಿ ಉಳಿದರೆ ಅದೇ ಮರಳು ಕಾಗದವಾಗಿ ರಿಂಗನ್ನು ತಿನ್ನುತ್ತದೆ. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸಾಬೂನು ಮತ್ತು ಬ್ರಷ್ಷಿನಿಂದ ತಿಕ್ಕಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾಗದಿದ್ದರೆ ಮಾತ್ರ ಬೋರ್ ಸ್ವಚ್ಛವಾಗಿದೆಯೆಂದು ತಿಳಿಯಬೇಕು.

ಎರಡು, ರಿಂಗಿನ ಬಾಯಿ. ರಿಂಗನ್ನು ಬೋರಿನಲ್ಲಿ ಕೂಡಿಸಿದಾಗ ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಬೋರಿನ ಪ್ರತಿ 25 ಮಿ.ಮೀ.ಗೆ ಸುಮಾರು 0.10 ಮಿ.ಮೀ. ಎಂಬುದು ಸ್ಥೂಲ ಸೂತ್ರ. 68.5 ಮಿ.ಮೀ. ಬೋರಿಗೆ ಅದು ಸುಮಾರು 0.27 ಮಿ.ಮೀ. ಆಗುತ್ತದೆ. ರಿಂಗ್ ತಯಾರಕರು ಕೊಟ್ಟ ಅಳತೆ ಇದ್ದರೆ ಅದೇ ಅಂತಿಮ. ಸಂದು ಕಡಿಮೆಯಾದರೆ ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯಬಹುದು, ಬೋರ್ ಗೀರಬಹುದು. ಮೂರು ರಿಂಗುಗಳ ಬಾಯಿಗಳು ಒಂದೇ ಸಾಲಿಗೆ ಬರಬಾರದು. ಗುರುತು ಇರುವ ಮುಖ ಮೇಲಕ್ಕೇ ಇರಬೇಕು.

ಮೂರು, ರಿಂಗಿನ ಜಾತಿ. ಬೀಡುಕಬ್ಬಿಣದ ರಿಂಗು ಬೇಗ ಹೊಂದಿಕೊಳ್ಳುತ್ತದೆ. ಕ್ರೋಮ್ ಲೇಪಿತ ರಿಂಗು ಗಟ್ಟಿಯಾದದ್ದು, ಬಾಳಿಕೆ ಹೆಚ್ಚು, ಆದರೆ ಸೆಟ್ ಆಗಲು ಹೆಚ್ಚು ಕಾಲ ಬೇಕು. ಯಾವುದನ್ನು ಹಾಕಿದ್ದಾರೆ, ಬೋರ್ 0.25 ಮಿ.ಮೀ. ಹೆಚ್ಚಾಗಿದೆಯೇ, 0.50 ಮಿ.ಮೀ. ಹೆಚ್ಚಾಗಿದೆಯೇ ಎಂಬುದು ಬಿಲ್ಲಿನ ಮೇಲೆ ಇರಲಿ. ಖಾಲಿ ಪೆಟ್ಟಿಗೆಗಳನ್ನೂ ಕೇಳಿ ಪಡೆಯಿರಿ.

ಇದೆಲ್ಲ ನಮ್ಮ ಭಾಗಕ್ಕೆ ಅಪರಿಚಿತ ವಿದ್ಯೆಯಲ್ಲ. ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಗೆ ತೆರಳಿದರು. ಆ ಮನೆತನವೇ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಕಟ್ಟಿತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ದೇಶದ ವಾಹನ ಕಾರ್ಖಾನೆಗಳಿಗೆ ಎರಕದ ಭಾಗಗಳನ್ನು ಪೂರೈಸುತ್ತ ಬಂದಿವೆ. ರಿಂಗು, ಪಿಸ್ಟನ್ನುಗಳ ತಯಾರಿಕೆಯೂ ಬೆಂಗಳೂರಿನ ಯಲಹಂಕದಲ್ಲಿ ದಶಕಗಳ ಕಾಲ ನಡೆದು ಬಂದಿದೆ. ಎರಕ ತಯಾರಿಸಿ ಕಳಿಸುವ ಜಿಲ್ಲೆಯಲ್ಲಿಯೇ ಅದರ ಕೊನೆಯ ಹಂತವನ್ನು ಬಾಯಿಮಾತಿಗೆ ಬಿಡುವುದು ನಮಗೆ ಶೋಭಿಸುವುದಿಲ್ಲ.

ಮೊದಲ ದಿನ ಮತ್ತು ಮೊದಲ 500 ಕಿ.ಮೀ.

ಅನುಭವಿಗಳಿಂದ ಕೇಳಿ, ಪರೀಕ್ಷಿಸಿ ನೋಡಿದ ಕ್ರಮ ಹೀಗಿದೆ. ಗಾಡಿಯ ಅಥವಾ ರಿಂಗಿನ ತಯಾರಕರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಮೊದಲ ಸಲ ಚಾಲೂ ಮಾಡುವ ಮುನ್ನ ಎಣ್ಣೆಯ ಒತ್ತಡ ಬರುವವರೆಗೆ ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಬೇಕು. ರೇಡಿಯೇಟರಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಬೇಕು. ಚಾಲೂ ಆದ ಮೇಲೆ ಸೋರಿಕೆ, ಶಾಖ ಮತ್ತು ಎಣ್ಣೆಯ ದೀಪ ನೋಡಿಕೊಂಡು, ಎಂಜಿನ್ ಹದವಾಗಿ ಬಿಸಿಯಾದ ಕೂಡಲೇ ಗಾಡಿಯನ್ನು ರಸ್ತೆಗೆ ಇಳಿಸಬೇಕು. ಗ್ಯಾರೇಜಿನಲ್ಲಿ ತಾಸುಗಟ್ಟಲೆ ಚಾಲೂ ಬಿಡಬಾರದು.

ದಟ್ಟಣೆಯಿಲ್ಲದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಗಂಟೆಗೆ 35 ಕಿ.ಮೀ. ವೇಗದಿಂದ ಎಕ್ಸಲರೇಟರನ್ನು ಅರ್ಧದಿಂದ ಮುಕ್ಕಾಲರಷ್ಟು ಒತ್ತಿ 60ರವರೆಗೆ ಏರಿಸಬೇಕು. ಆಮೇಲೆ ಕಾಲು ತೆಗೆದು, ಗೇರಿನಲ್ಲಿಯೇ ಮತ್ತೆ 35ಕ್ಕೆ ಇಳಿಯಲು ಬಿಡಬೇಕು. ಏರುವಾಗ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಇಳಿಯುವಾಗ ಸಿಲಿಂಡರಿನಲ್ಲಿ ಉಂಟಾಗುವ ನಿರ್ವಾತ ಎಣ್ಣೆಯನ್ನು ಸ್ವಲ್ಪ ಮೇಲೆಳೆದು ಸವೆದ ಲೋಹದ ಪುಡಿಯನ್ನು ತೊಳೆದು ತಂಪು ಮಾಡುತ್ತದೆ. ಹೀಗೆ ಹತ್ತು ಹನ್ನೆರಡು ಸಲ. ನಡುನಡುವೆ ಶಾಖದ ಮುಳ್ಳಿನ ಮೇಲೆ ಕಣ್ಣಿರಬೇಕು. ದೊಡ್ಡ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಂತೆ ಎಳೆಸಬಾರದು.

ಮುಂದಿನ 500 ಕಿ.ಮೀ.ವರೆಗೆ ವೇಗವನ್ನು ಸದಾ ಬದಲಿಸುತ್ತಿರಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು, ದೀರ್ಘಕಾಲ ಖಾಲಿ ಚಾಲೂ ಇಡುವುದು, ಅತಿ ಭಾರ ಹೇರುವುದು ಮೂರನ್ನೂ ತಪ್ಪಿಸಬೇಕು. ಈ ಅವಧಿಗೆ ಸಾದಾ ಮಿನರಲ್ ಎಣ್ಣೆ ಸಾಕು. ಘರ್ಷಣೆಯನ್ನು ತೀರ ಕಡಿಮೆ ಮಾಡುವ ದುಬಾರಿ ಸಿಂಥೆಟಿಕ್ ಎಣ್ಣೆಯನ್ನು ರಿಂಗ್ ಸೆಟ್ ಆದ ಮೇಲೆ ಹಾಕಬಹುದು. ಎಣ್ಣೆಯಲ್ಲಿ ಲೋಹದ ಪುಡಿ ಸೇರಿರುವುದರಿಂದ 500 ಕಿ.ಮೀ. ತಲುಪುವುದರೊಳಗೆ ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಲೇಬೇಕು. ಈ ಒಂದು ಬದಲಾವಣೆಯ ಖರ್ಚನ್ನು ಉಳಿಸಲು ಹೋಗಿ ಇಡೀ ಕೆಲಸವನ್ನು ಕಳೆದುಕೊಂಡವರಿದ್ದಾರೆ.

ಮೊದಮೊದಲು ಸ್ವಲ್ಪ ನೀಲಿ ಹೊಗೆ ಸಹಜ. ಆಗಿನಿಂದಲೇ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ, ಓಡಿದ ಕಿಲೋಮೀಟರು ಮತ್ತು ಹಾಕಿದ ಎಣ್ಣೆಯನ್ನು ಬರೆದಿಡಬೇಕು. ಎಣ್ಣೆಯ ಬಳಕೆ ಇಳಿಯುತ್ತ ಬಂದರೆ ರಿಂಗು ಕೂಡುತ್ತಿದೆ ಎಂದರ್ಥ. ಇಳಿಯದಿದ್ದರೆ ಕಂಪ್ರೆಷನ್ ಅಳೆಸಬೇಕು. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರಿನದು. ಏರದಿದ್ದರೆ ವಾಲ್ವುಗಳ ಕಡೆ ನೋಡಬೇಕು.

ಜನರೇಟರ್ ಹೊಂದಿರುವವರಿಗೂ ಇದು ಅನ್ವಯಿಸುತ್ತದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಆರಂಭವಾದ ಮೇಲೆ ಈ ಭಾಗದಲ್ಲಿ ನೀರೆತ್ತುವ ಆಯಿಲ್ ಎಂಜಿನ್ನುಗಳ ಜಾಗಕ್ಕೆ ವಿದ್ಯುತ್ ಮೋಟಾರುಗಳು ಬರತೊಡಗಿದವು. ಆದರೂ ಅಂಗಡಿ, ಗಿರಣಿ, ಶೀತಲಗೃಹಗಳಲ್ಲಿ ಡೀಸೆಲ್ ಜನರೇಟರ್ ಇಂದಿಗೂ ಇದೆ. ಅಗತ್ಯಕ್ಕಿಂತ ದೊಡ್ಡ ಜನರೇಟರ್ ಕೊಂಡು ನಾಲ್ಕು ದೀಪ, ಎರಡು ಫ್ಯಾನಿಗೆ ಓಡಿಸಿದರೆ ಅದರ ಬೋರೂ ಇದೇ ರೀತಿ ಗ್ಲೇಜ್ ಆಗುತ್ತದೆ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಭಾರದಲ್ಲಿ ದೀರ್ಘಕಾಲ ಓಡಿಸಬಾರದೆಂಬುದು ಸಾಮಾನ್ಯ ಸಲಹೆ.

ಲೆಕ್ಕಪತ್ರದಲ್ಲಿ

ಇನ್ನು ನನ್ನ ಕ್ಷೇತ್ರದ ಮಾತು. ಇದ್ದ ಎಂಜಿನ್ನನ್ನೇ ಬೋರ್ ಮಾಡಿಸಿ, ರಿಂಗ್ ಹಾಕಿಸಿ ಮೊದಲಿನ ಸ್ಥಿತಿಗೆ ತರುವ ಖರ್ಚು ಸಾಮಾನ್ಯವಾಗಿ ಆ ವರ್ಷದ ಚಾಲ್ತಿ ದುರಸ್ತಿ. ಇದ್ದ ಆಸ್ತಿಯನ್ನು ಕಾಪಾಡಿಕೊಳ್ಳುವ ಖರ್ಚು ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಪ್ರಯೋಜನವನ್ನು ತರುವ ಖರ್ಚು ದುರಸ್ತಿಯಲ್ಲ ಎಂಬ ಮಾನದಂಡವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಾರನ್ನು ಮನೆಯ ಕೆಲಸಕ್ಕೂ ಬಳಸುತ್ತಿದ್ದರೆ ಆ ಪಾಲಿನ ಖರ್ಚನ್ನು ಬಿಟ್ಟು ಲೆಕ್ಕ ಹಿಡಿಯಬೇಕು. ಅಂದಾಜು ಲಾಭದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಈ ಖರ್ಚು ಪ್ರತ್ಯೇಕವಾಗಿ ಸಿಗುವುದಿಲ್ಲ.

ಜಿ.ಎಸ್.ಟಿ. ವಿಷಯದಲ್ಲಿ, ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಯ ಮೇಲಿನ ತೆರಿಗೆಗೆ ಸಾಮಾನ್ಯ ವ್ಯಾಪಾರಸ್ಥರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಸರಕು ಸಾಗಣೆಯ ವಾಹನಕ್ಕೆ ಇದೆ. ಬ್ಲಾಕ್ ಬದಲಾದರೆ ಎಂಜಿನ್ ಸಂಖ್ಯೆಯೂ ಬದಲಾಗುವುದರಿಂದ ನೋಂದಣಿ ಪತ್ರದಲ್ಲಿ ಅದನ್ನು ದಾಖಲಿಸಲೇಬೇಕು.

ವಿಮೆಯ ಬಗೆಗೂ ಒಂದು ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ಪ್ರವಾಹ ಗೋಕಾಕ ನಗರಕ್ಕೆ ನುಗ್ಗಿದ್ದನ್ನು ನಾವು ಮರೆತಿಲ್ಲ. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಪ್ರಯತ್ನಿಸಿ ಕನೆಕ್ಟಿಂಗ್ ರಾಡ್ ಬಾಗಿದರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದವರ ಹಕ್ಕು ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಅಂಥ ಗಾಡಿಯನ್ನು ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಲೆಕ್ಕಪತ್ರ ಮಾನದಂಡಗಳಲ್ಲಿ ಒಂದು ತತ್ವವಿದೆ. ಹೊಸ ಯಂತ್ರ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವ ಖರ್ಚು ಆ ಯಂತ್ರದ ಬೆಲೆಗೇ ಸೇರುತ್ತದೆ. ಅಂದರೆ ಪರೀಕ್ಷಾ ಚಾಲನೆ ತಯಾರಿಕೆಯ ಒಂದು ಭಾಗ. ದುರಸ್ತಿಯಾದ ಎಂಜಿನ್ನಿಗೂ ಇದೇ ದೃಷ್ಟಿ ಬೇಕು. ಮೊದಲ 500 ಕಿ.ಮೀ. ಇಂಧನ, ಒಂದು ಎಣ್ಣೆ, ಒಂದು ಫಿಲ್ಟರ್, ಅರ್ಧ ದಿನದ ಸಮಯ ಇವನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಂಡರೆ ಯಾರೂ ಅದನ್ನು ಉಳಿಸಲು ಹೋಗುವುದಿಲ್ಲ.

ತಕರಾರು ತೀರಿದ ಬಗೆ

ಮತ್ತೆ ಘೋಡಗೇರಿಯ ಪ್ರಕರಣಕ್ಕೆ ಬರೋಣ. ಇಬ್ಬರ ಒಪ್ಪಿಗೆಯ ಮೇಲೆ ಕಂಪ್ರೆಷನ್ ಅಳೆಸಿದೆವು. ಮೂರರಲ್ಲಿ ಎರಡು ಸಿಲಿಂಡರುಗಳ ಒತ್ತಡ ಕಡಿಮೆಯಿತ್ತು, ಎಣ್ಣೆ ಹಾಕಿದ ಮೇಲೆ ಏರಿತು. ಹೆಡ್ ಇಳಿಸಿ ನೋಡಿದಾಗ ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಹೋನಿಂಗ್ ಗೆರೆಗಳು ಬಹುತೇಕ ಮುಚ್ಚಿಹೋಗಿದ್ದವು. ಬೋರಿನ ಅಳತೆ ಮಾತ್ರ ಎಲ್ಲ ಕಡೆ ಸರಿಯಾಗಿತ್ತು. ಮಿಸ್ತ್ರಿ ಹೇಳಿದಂತೆ ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ಫರಕಿರಲಿಲ್ಲ. ಅವರು ಕೊಟ್ಟ ಸಲಹೆಯಲ್ಲಿ ಇತ್ತು.

ನಾನು ಸೂಚಿಸಿದ ತೀರ್ಪು ಸರಳವಾಗಿತ್ತು. ವ್ಯಾಪಾರಸ್ಥರು ಬಾಕಿ ರೂ. 13,000 ಕೂಡಲೇ ಕೊಡಬೇಕು, ಹೊಸ ರಿಂಗ್ ಸೆಟ್ ಮತ್ತು ಗ್ಯಾಸ್ಕೆಟಿನ ಬೆಲೆ ಭರಿಸಬೇಕು. ಮಿಸ್ತ್ರಿ ಮರುಹೋನಿಂಗ್ ಮತ್ತು ಜೋಡಣೆಯ ಕೂಲಿಯನ್ನು ಬಿಡಬೇಕು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡರು.

ಗಾಡಿ ಸಿದ್ಧವಾದ ದಿನ ಚಾಲಕನ ಸೀಟಿನಲ್ಲಿ ಮಿಸ್ತ್ರಿ, ಪಕ್ಕದಲ್ಲಿ ವ್ಯಾಪಾರಸ್ಥರು, ಹಿಂದೆ ನಾನು. ಹುಕ್ಕೇರಿ ದಾಟಿ ಸಂಕೇಶ್ವರದವರೆಗೆ ವೇಗ ಏರಿಸುತ್ತ ಇಳಿಸುತ್ತ ಹೋಗಿ, ಹೆದ್ದಾರಿ ಸೇರಿ ನಿಪ್ಪಾಣಿಯ ದಾರಿಯ ತವಂದಿ ಘಾಟಿನವರೆಗೆ ಹೋದೆವು. ಘಾಟಿನಲ್ಲಿ ಸಣ್ಣ ಗೇರಿನಲ್ಲಿ ಎಂಜಿನ್ ದನಿ ಎತ್ತಿದಾಗಲೆಲ್ಲ ವ್ಯಾಪಾರಸ್ಥರು “ಹಗೂರ, ಹಗೂರ” ಎನ್ನುತ್ತಿದ್ದರು. ಮಿಸ್ತ್ರಿ ನಗುತ್ತ, “ಸಾವ್ಕಾರ್ರ, ಈ ಸಲ ಹಗೂರ ಅನಬ್ಯಾಡ್ರಿ” ಎಂದರು. ಮರಳುವಾಗ ಹಿಂದಿನ ಗಾಜಿನಿಂದ ನೋಡಿದರೆ ಹೊಗೆ ತೆಳುವಾಗಿತ್ತು. 500 ಕಿ.ಮೀ.ಗೆ ಎಣ್ಣೆ ಬದಲಿಸಿದ ಮೇಲೆ ಡಿಪ್‌ಸ್ಟಿಕ್ಕಿನ ಗುರುತು ಕೆಳಗಿಳಿಯುವುದು ನಿಂತಿತು.

ಆ ದಿನ ನಾನು ಒಂದು ಪುಟದ ಸೂಚನಾ ಪಟ್ಟಿ ಬರೆದುಕೊಟ್ಟೆ. ಬೋರಿನ ಅಳತೆ, ರಿಂಗಿನ ಹೆಸರು, ಮೊದಲ ದಿನದ ಕ್ರಮ, ಎಣ್ಣೆ ಬದಲಿಸುವ ಕಿಲೋಮೀಟರು, ಕೆಳಗೆ ಇಬ್ಬರ ಸಹಿ. ಮಿಸ್ತ್ರಿ ಅದನ್ನು ಝೆರಾಕ್ಸ್ ಮಾಡಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದಾರೆ. ಪ್ರತಿ ಎಂಜಿನ್ ಕೆಲಸಕ್ಕೆ ಒಂದು ಪ್ರತಿಯನ್ನು ಬಿಲ್ಲಿನ ಜೊತೆಗೆ ಕೊಡುತ್ತಾರೆ. ಸದಸ್ಯರು ತಮ್ಮ ವಾಹನದ ಎಂಜಿನ್ ಕೆಲಸ ಮಾಡಿಸುವಾಗ ಅಂಥ ಒಂದು ಪುಟವನ್ನು ಕೇಳಿ ಪಡೆಯಬೇಕೆಂದೂ, ಗ್ಯಾರೇಜ್ ನಡೆಸುವ ಸದಸ್ಯರು ಕೇಳದಿದ್ದರೂ ಕೊಡಬೇಕೆಂದೂ ನನ್ನ ವಿನಂತಿ. ಬಿಲ್ಲಿಗೆ ಪಿನ್ನು ಹಾಕಿ ಅದನ್ನು ವೋಚರ್ ಕಡತದಲ್ಲಿ ಇಟ್ಟರೆ ನಮ್ಮಂಥ ಲೆಕ್ಕಪರಿಶೋಧಕರಿಗೂ ಮರುವರ್ಷ ಕೇಳಬೇಕಾದ ಪ್ರಶ್ನೆಯೊಂದು ಕಡಿಮೆಯಾಗುತ್ತದೆ.